ಪರ್ವೇಜ್ ಗಾಡಿ ಬಿಚ್ಚಿದ

ಹೊಸ ಬೈಕ್ ಮನೆಗೆ ಬಂದ ದಿನವೇ ಕುಸನೂರಿನ ಪರ್ವೇಜ್ ಓಣಿಗೆಲ್ಲ ಸಾರಿಬಿಟ್ಟಿದ್ದ: "ಈ ಗಾಡಿ ರಿಪೇರಿಗೆ ನಾ ಒಬ್ನೇ ಸಾಕು. ಯಾವ ಮೇಸ್ತ್ರಿನೂ ಬ್ಯಾಡ." ರಿಪೇರಿ ವಿಡಿಯೋ ನೋಡದೆ ಅವನಿಗೆ ಊಟವೇ ಇಳಿಯುತ್ತಿರಲಿಲ್ಲ.

ಪರೀಕ್ಷೆ ಬಂದದ್ದು ನಾದಿನಿ ಜೀನತಳ ನಿಶ್ಚಿತಾರ್ಥದ ದಿನ. ಕಮಲಾಪುರದಲ್ಲಿ ಗಂಡಿನವರು ಬಂದು ಕೂತಿದ್ದರು. ಉಂಗುರ ಮಾತ್ರ ಇಲ್ಲಿ, ಪರ್ವೇಜನ ಹೆಂಡತಿ ಆಸ್ಮಾಳ ಪರ್ಸಿನಲ್ಲಿ. ಹೊರಡುವಾಗ ಆಸ್ಮಾ ಇಮಾಮ್ ಜಾಮಿನ್ ತಂದಳು. ದಾರಿಯಲ್ಲಿ ಕಾಯಲೆಂದು ನಾಣ್ಯ ಸುತ್ತಿ ತೋಳಿಗೆ ಕಟ್ಟುವ ಹಸಿರು ಬಟ್ಟೆ ಅದು.

"ಜಾಕೆಟ್ ಮ್ಯಾಲ ಚಂದ ಕಾಣಂಗಿಲ್ಲ, ಬ್ಯಾಡ," ಎಂದು ಪರ್ವೇಜ್ ಹೆಲ್ಮೆಟ್ ತರಲು ಒಳಗೆ ಹೋದ.

ಬಂದು ಬಟನ್ ಒತ್ತಿದ. ಇಂಜಿನ್ ಹುಲಿಯಂತೆ ಗುರ್ರೆಂದಿತು. ಗೇರ್ ಹಾಕಿದ. ಗಪ್‌ಚುಪ್. ಮತ್ತೆ ಗುರ್, ಮತ್ತೆ ಗೇರ್, ಮತ್ತೆ ಗಪ್‌ಚುಪ್.

"ಮೀಟರ್‌ನಾಗ ಸ್ಟ್ಯಾಂಡಿನ ಲೈಟ್ ಹತ್ತೇದ ನೋಡ್ರಿ," ಎಂದಳು ಆಸ್ಮಾ.

"ಸ್ಟ್ಯಾಂಡ್ ಇಳಿದಿದ್ರ ಗೇರ್ ಹಾಕಿದ ಕೂಡ್ಲೇ ಇಂಜಿನ್ ಬಂದ್ ಆಗ್ತದ, ಖರೆ. ಆದ್ರ ನಾನೇ ಎತ್ತೀನಲ್ಲ. ಮೀಟರ್ ಸುಳ್ಳು ಹೇಳಾಕತ್ತದ. ಸೆನ್ಸಾರ್ ಕೆಟ್ಟದ, ಹತ್ತು ಮಿನಿಟ್ ಕೊಡು."

ಕಣ್ಣು ಫೋನಿನಲ್ಲಿ, ಕೈ ವೈರಿನಲ್ಲಿ. ಸೀಟು ಕಟ್ಟೆಗೆ ಹೋಯಿತು, ಪಕ್ಕದ ಕವಚಗಳು ಬಕೀಟಿನೊಳಗೆ, ಸ್ಕ್ರೂಗಳು ದೇವರಿಗೇ ಗೊತ್ತು ಎಲ್ಲಿಗೆ!

"ಬಸ್ಸಿಗರ ಹೋಗಾಮು ನಡೀರಿ."

"ಬಸ್ಸಿಗಾ? ಓಣಿಯವ್ರು ಏನಂತಾರ?"

"ಬೀಗರು ಏನಂತಾರ, ಅದು ಹೇಳ್ರಿ."

ಕೊನೆಗೆ ಆಸ್ಮಾ ತನ್ನ ತಮ್ಮ ಜಾವೀದನಿಗೆ ಫೋನ್ ಹಚ್ಚಿದಳು. ಅವನು ಕಮಲಾಪುರದಿಂದ ಅಪ್ಪನ ಕಾಲದ ಗಾಡಿಯನ್ನು ಕೆಮ್ಮಿಸುತ್ತ ಬಂದಿಳಿದ.

"ದುಲ್ಹೆಭಾಯಿ, ರಿಪೇರಿ ಮಾಡಾಕತ್ತೀರೋ, ಗುಜರಿಗಿ ಹಾಕಾಕತ್ತೀರೋ?" ಎಂದು ಭಾವನನ್ನು ಕೇಳಿದ.

ಪರ್ವೇಜ್ ಒಂದು ಕೈಯಲ್ಲಿ ಬೈಕ್ ಹಿಡಿದು ನಿಂತು, ಇನ್ನೊಂದು ಕೈಯಲ್ಲಿ ಮುಂದಿನ ವಿಡಿಯೋ ಹಚ್ಚಿದ. ಆಸ್ಮಾ ತಮ್ಮನ ಹಿಂದೆ ಹತ್ತುವ ಮೊದಲು ಬಗ್ಗಿ, ಪರ್ವೇಜನ ಬೈಕಿನ ಸ್ಟ್ಯಾಂಡಿನ ಬುಡದಿಂದ ಹಸಿರು ಗಂಟೊಂದನ್ನು ಬಿಚ್ಚಿಕೊಂಡಳು. ಅಲ್ಲಿಯವರೆಗೆ ಅರ್ಧಕ್ಕೇ ನಿಂತಿದ್ದ ಸ್ಟ್ಯಾಂಡ್ ಟಪ್ಪೆಂದು ಪೂರ್ತಿ ಮೇಲೇರಿತು. ಮೀಟರಿನ ಲೈಟ್ ಆರಿತು. ಪರ್ವೇಜ್ ಬಟನ್ ಒತ್ತಿ ಗೇರ್ ಹಾಕಿದ. ಗಾಡಿ ಕುದುರೆಯಂತೆ ಮುಂದಕ್ಕೆ ಜಿಗಿಯಿತು. ಕೂರಲು ಸೀಟಿರಲಿಲ್ಲ, ಕೂರಿಸಲು ಸ್ಕ್ರೂ ಇರಲಿಲ್ಲ.

ಆಸ್ಮಾ ಆ ಗಂಟನ್ನು ಜಾವೀದನ ತೋಳಿಗೆ ಬಿಗಿದು ಹೊರಟೇಬಿಟ್ಟಳು. ಉಂಗುರ ವೇಳೆಗೆ ಸರಿಯಾಗಿ ಮುಟ್ಟಿತು. ಪರ್ವೇಜ್ ಬಸ್ಸಿಳಿದು ಮುಟ್ಟುವಷ್ಟರಲ್ಲಿ ಬಿರಿಯಾನಿ ಹಂಡೆಯ ತಳ ಕೆರೆಯುತ್ತಿದ್ದರು.

"ಅಲ್ಲ, ಅದನ್ನ ಸ್ಟ್ಯಾಂಡಿಗಿ ಯಾಕ ಕಟ್ಟಿದ್ದಿ?"

ಆಸ್ಮಾ ತಳದ ಅನ್ನ ಬಡಿಸುತ್ತ ಹೇಳಿದಳು: "ತೋಳಿಗಿ ಬ್ಯಾಡ ಅಂದ್ರಿ. ಗಾಡಿ ಮ್ಯಾಲಿಂದ ನೀವು ಬೀಳಬಾರ್ದು ಅಂತ ಕಟ್ಟಿದ್ದೆ. ಬಿದ್ದೀರೇನು?"