ಕನ್ನಡಿಯಿಲ್ಲದ ಕ್ಯಾಮೆರಾ

ಕ್ಯಾಮೆರಾ ಕಂಪನಿಗಳ ಮೇಲೆ ನನ್ನದೊಂದು ದೂರಿದೆ. ಹುಟ್ಟಿದ ಕೂಸಿಗೆ ಹೆಸರಿಡುವಾಗ ಎಂಥವರೂ ಒಂದು ಗಳಿಗೆ ಯೋಚಿಸುತ್ತಾರೆ. ಇವರು ಲಾರಿಯ ನಂಬರ್ ಪ್ಲೇಟು ಕಿತ್ತು ಅಂಟಿಸಿಬಿಡುತ್ತಾರೆ. ಒಂದು ಕ್ಯೂ-೪೦, ಇನ್ನೊಂದು ಕ್ಯೂ-೪೦೦, ಮತ್ತೊಂದು ಕ್ಯೂ-೪೦೦೦. ಸೊನ್ನೆ ಹೆಚ್ಚಿರುವುದೇ ದೊಡ್ಡದು ಎಂದು ನೀವೂ ನಾನೂ ತಿಳಿಯುತ್ತೇವೆ. ವಿಚಾರಿಸಿದರೆ ಸೊನ್ನೆ ಹೆಚ್ಚಾದಷ್ಟೂ ದರ್ಜೆ ಕಡಿಮೆಯಂತೆ. ಸಾಲದ್ದಕ್ಕೆ ಒಂದೊಂದಕ್ಕೂ ಒಂದು ಬಾಲ: ಮಾರ್ಕ್ ಟೂ, ಮಾರ್ಕ್ ತ್ರೀ. (ನನಗೆ ಶಾಲೆಯಲ್ಲಿ ಲೆಕ್ಕಕ್ಕೆ ಬರುತ್ತಿದ್ದುದೂ ಇವೇ ಮಾರ್ಕುಗಳು. ಹೊಸ ಮಾಡೆಲ್ ಬಂತೆಂದು ಆಗ ನಮ್ಮಪ್ಪ ಖುಷಿಪಟ್ಟದ್ದು ನೆನಪಿಲ್ಲ.)

ವಾರದ ಆರು ದಿನ ನಾನು ಅಂಗಡಿ ಅಂಗಡಿ ತಿರುಗಿ ತಕ್ಕಡಿ ರಿಪೇರಿ ಮಾಡುವವನು. ಏಳನೆಯ ದಿನ ಈ ಪತ್ರಿಕೆಯಲ್ಲಿ ‘ಕನ್ನಡಿ’ ಅಂಕಣ ಬರೆದು ಸಮಾಜಕ್ಕೆ ಅದರ ಮುಖ ತೋರಿಸುವವನು. ಅಂಕಣದ ನೆತ್ತಿಯ ಮೇಲೆ ನನ್ನ ಫೋಟೋ ಇಷ್ಟು ವರ್ಷ ನೋಡಿದ್ದೀರಿ: ಹುಬ್ಬು ಗಂಟಿಕ್ಕಿ, ಲೋಕವನ್ನೇ ವಿಚಾರಣೆಗೆ ಕರೆಸಿದವನ ಮುಖ. ಬರೆಯುವುದನ್ನು ನನಗೆ ಯಾರೂ ಕಲಿಸಲಿಲ್ಲ. ಸಾಮಾನು ಕಟ್ಟಿಕೊಟ್ಟ ಹಳೇ ಪೇಪರ್ ಬಿಡಿಸಿ ಓದಿ ಕಲಿತದ್ದು. ಹಾಗಾಗಿ ನನ್ನ ಸಿಟ್ಟಿನಲ್ಲಿ ಕಾಗುಣಿತ ತಪ್ಪಬಹುದು, ನ್ಯಾಯ ತಪ್ಪುವುದಿಲ್ಲ (ಎಂದುಕೊಂಡಿದ್ದೆ). ಕಾಗುಣಿತಕ್ಕೆ ಮನೆಯಲ್ಲೇ ವ್ಯವಸ್ಥೆಯಿದೆ. ನನ್ನ ಹೆಂಡತಿ ಇದೇ ಪತ್ರಿಕೆಯ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಾಳೆ. ಅವಳ ಕಣ್ಣಿಗೆ ಇಡೀ ಪ್ರಪಂಚವೇ ಒಂದು ಕರಡು. ಅದರಲ್ಲಿ ಅತಿ ಹೆಚ್ಚು ತಪ್ಪಿರುವ ಪುಟ ನಾನು.

ನನ್ನ ಹವ್ಯಾಸ ಹಕ್ಕಿಗಳ ಫೋಟೋ ತೆಗೆಯುವುದು. ಮೂರು ವರ್ಷದಿಂದ ಫೋನಿನಲ್ಲೇ ತೆಗೆಯುತ್ತಿದ್ದೆ. ಒಂದು ಬೆಳಿಗ್ಗೆ ನೀರಿನ ಟ್ಯಾಂಕಿನ ಮೇಲೆ ಸುತ್ತುತ್ತಿದ್ದ ಹದ್ದನ್ನು ಕತ್ತು ಉಳುಕಿಸಿಕೊಂಡು ಹಿಡಿದು, ಓಡಿ ಬಂದು ಅವಳಿಗೆ ತೋರಿಸಿದೆ.

ಅವಳು ಕನ್ನಡಕ ಸರಿಮಾಡಿಕೊಂಡಳು. “ಇದೇನ್ರೀ, ಅನುಸ್ವಾರ?”

“ಹದ್ದು ಕಣೆ.”

“ಅಕ್ಷರ ಎಲ್ಲಿ? ಬರೀ ಸೊನ್ನೆ ತೆಗೆದಿದ್ದೀರಲ್ಲ.”

ಇನ್ನೊಂದು ತೋರಿಸಿದೆ. ಅದರಲ್ಲಿ ಎರಡು ಹದ್ದು, ಒಂದರ ಕೆಳಗೊಂದು.

“ಇದು ವಿಸರ್ಗ,” ಎಂದು ಫೋನು ವಾಪಸ್ಸು ಕೊಟ್ಟಳು.

ಆ ವಿಸರ್ಗ ನನ್ನನ್ನು ಕೆಣಕಿಬಿಟ್ಟಿತು. ಅಂದೇ ತೀರ್ಮಾನಿಸಿದೆ: ಕ್ಯಾಮೆರಾ ತೆಗೆದುಕೊಳ್ಳುತ್ತೇನೆ. ಅಂತಿಂಥದ್ದಲ್ಲ, ಹದ್ದಿನ ರೆಕ್ಕೆಯ ಪುಕ್ಕ ಎಣಿಸಬಹುದಾದ ಕ್ಯಾಮೆರಾ. ಅವತ್ತಿನಿಂದ ನನ್ನ ಕಾಲು ನೆಲದ ಮೇಲಿರಲಿಲ್ಲ. ಮುಖ ತೊಳೆಯುವಾಗ ಲೆನ್ಸು, ತಕ್ಕಡಿಯ ಸ್ಪ್ರಿಂಗು ಬಿಗಿಸುವಾಗ ಲೆನ್ಸು. ಊಟದ ತಟ್ಟೆ ಮುಂದಿಟ್ಟರೆ ಕಿಟಕಿಯ ಬೆಳಕು ಎಡದಿಂದ ಬೀಳುತ್ತಿದೆಯೋ ಬಲದಿಂದಲೋ ಎಂದು ತಟ್ಟೆ ತಿರುಗಿಸುತ್ತಿದ್ದೆ.

“ಮುಖ್ಯವಾಗಿ ದೊಡ್ಡ ಸೆನ್ಸರ್ ಇರಬೇಕು,” ಎಂದೆ ಒಂದು ದಿನ.

“ಸೆನ್ಸಾರಾ? ಅದರ ವಿರುದ್ಧ ನೀವೇ ಮೂರು ವಾರ ಬರೆದಿದ್ರಲ್ಲ.”

“ಅದು ಸೆನ್ಸಾರ್. ಇದು ಸೆನ್ಸರ್. ಬೆಳಕು ಹಿಡಿಯೋ ಬಿಲ್ಲೆ. ದೊಡ್ಡದಿದ್ದಷ್ಟೂ ಒಳ್ಳೇದು.”

“ಒಂದು ದೀರ್ಘ ತೆಗೆದ ತಕ್ಷಣ ಒಳ್ಳೇದಾಗಿಬಿಡ್ತಾ?”

ಹುಡುಕಿ ಜಾಲಿಸಿ ಕೊನೆಗೆ ಎರಡು ಉಳಿದವು. ಒಂದು ನೀಲಿ ಪಟ್ಟಿಯ ಕಂಪನಿಯದು, ಇನ್ನೊಂದು ಕೆಂಪು ಪಟ್ಟಿಯದು. ಇವು ಬರೀ ಕಂಪನಿಗಳಲ್ಲ, ಪಂಥಗಳು. ನೀಲಿಯವರೂ ಕೆಂಪಿನವರೂ ಫೋನಿನಲ್ಲಿ ಪರಸ್ಪರ ಬೈದುಕೊಳ್ಳುವುದನ್ನು ಓದಿದರೆ ನನ್ನ ಅಂಕಣ ಜೋಗುಳದಂತೆ ಕಾಣುತ್ತದೆ. ನೀಲಿಯ ಹೊಟ್ಟೆಯೊಳಗೆ ಒಂದು ಪುಟ್ಟ ಕನ್ನಡಿಯಿದೆ. ಗುಂಡಿ ಒತ್ತಿದಾಗ ಅದು ಟಪ್ಪೆಂದು ಎದ್ದು ಬೀಳುತ್ತದೆ. ಕೆಂಪಿನದು ಹೊಸ ಕಾಲದ್ದು, ಮಿರರ್‌ಲೆಸ್ಸು. ಅದರೊಳಗೆ ಕನ್ನಡಿಯೇ ಇಲ್ಲ. ಅಲ್ಲದೆ ಎದುರಿಗೆ ಮನುಷ್ಯನ ಮುಖ ಕಂಡರೆ ತಾನೇ ಹುಡುಕಿ, ಹಸಿರು ಚೌಕ ಹಾಕಿ, ಅದನ್ನಷ್ಟೇ ಸ್ಪಷ್ಟವಾಗಿ ಹಿಡಿಯುವ ವಿದ್ಯೆ ಅದಕ್ಕೆ ಕರತಲಾಮಲಕ.

“‘ಕನ್ನಡಿ’ ಬರೆಯೋರು ಕನ್ನಡಿ ಇಲ್ಲದ್ದನ್ನ ತಗೋತೀರಾ?” ಎಂದಳು ಹೆಂಡತಿ.

“ತೂಕ ಕಡಿಮೆ ಕಣೆ.”

“ಕನ್ನಡಿ ಹೋದ ಮೇಲೆ ತೂಕ ಕಡಿಮೆ ಆಗೇ ಆಗುತ್ತೆ.”

ಮುಟ್ಟಿ ನೋಡದೆ ತೀರ್ಮಾನ ಮಾಡುವುದು ಹೇಗೆ? ಪೇಟೆಯ ಮೂಲೆಯಲ್ಲಿ ಒಂದು ಕ್ಯಾಮೆರಾ ಅಂಗಡಿಯಿದೆ. ಅದರ ಯಜಮಾನರು ಮಾರುವುದಕ್ಕಿಂತ ಕಲಿಸುವುದೇ ಹೆಚ್ಚು; ಅದಕ್ಕೇ ಎಲ್ಲರ ಬಾಯಲ್ಲಿ ಅವರು ‘ಫೋಟೋ ಮೇಷ್ಟ್ರು’. ಒಳಗೆ ಕಾಲಿಟ್ಟವನು ಬೆಚ್ಚಿಬಿದ್ದೆ. ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ, ಹುಬ್ಬು ಗಂಟಿಕ್ಕಿಕೊಂಡು ನಾನೇ ನನ್ನನ್ನು ನೋಡುತ್ತಿದ್ದೆ.

“ಸಾರ್, ನೀವಾ?” ಮೇಷ್ಟ್ರು ಎದ್ದು ನಿಂತರು. “ನಿಮ್ಮ ಲೇಖನ ದೊಡ್ಡದು ಮಾಡಿಸಿ ಹಾಕಿಟ್ಟಿದ್ದೀನಿ. ಬಂದ ಗಿರಾಕಿಗೆಲ್ಲಾ ಓದಿ ಅಂತೀನಿ.”

ಅದು ನಾನು ಹಿಂದಿನ ವರ್ಷ ಬರೆದದ್ದು. ಅಂಗಡಿಗೆ ಹೋಗಿ ಎಲ್ಲವನ್ನೂ ಮುಟ್ಟಿ, ತಟ್ಟಿ, ಕೇಳಿ, ಕೊನೆಗೆ ಫೋನಿನಲ್ಲಿ ಕಡಿಮೆಗೆ ತರಿಸಿಕೊಳ್ಳುವವರ ಬಗ್ಗೆ. ಚೌಕಟ್ಟಿನೊಳಗಿಂದ ನನ್ನದೇ ವಾಕ್ಯ ನನಗೆ ಓದಲು ಸಿಕ್ಕಿತು: ‘ಅಂಗಡಿಯವನ ಬಾಯಿ ಒಣಗಿಸಿ ಬೇರೆಯವನ ಜೇಬು ತುಂಬಿಸುವವನಿಗೆ ಕಳ್ಳನಿಗಿರುವಷ್ಟು ಮರ್ಯಾದೆಯೂ ಇಲ್ಲ. ಕಳ್ಳ ಕದ್ದದ್ದನ್ನು ತಾನೇ ಹೊರುತ್ತಾನೆ; ಇವನು ಮನೆ ಬಾಗಿಲಿಗೆ ತರಿಸಿಕೊಳ್ಳುತ್ತಾನೆ.’

ಬಹಳ ಚೆನ್ನಾಗಿ ಬರೆದಿದ್ದೆ. ನನಗೇ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ಮೂಲೆಯ ಸ್ಟೂಲಿನ ಮೇಲೆ ಕುಳಿತೆ. ಮೂರು ವಾರ ಏಳಲಿಲ್ಲ.

ಕೆಲಸ ಮುಗಿಸಿ ನಾಲ್ಕು ಗಂಟೆಗೆ ಹೋದರೆ ಮೇಷ್ಟ್ರು ಎರಡೂ ಕ್ಯಾಮೆರಾ ಮುಂದಿಟ್ಟು ಪಾಠ ಶುರುಮಾಡುತ್ತಿದ್ದರು. ಹೇಗೆ ಹಿಡಿಯಬೇಕು, ಉಸಿರು ಯಾವಾಗ ಬಿಗಿಹಿಡಿಯಬೇಕು, ಹಕ್ಕಿ ಹಾರುವ ಮೊದಲು ಕಾಲು ಹೇಗೆ ಮಡಿಸುತ್ತದೆ. ಒಂದು ದಿನ ನನ್ನ ಚೀಲದಿಂದ ರಿಪೇರಿಯ ತಕ್ಕಡಿ ತೆಗೆದು ಎರಡನ್ನೂ ತೂಗಿದೆ. ನೀಲಿ ಪೂರ್ತಿ ಕಾಲು ಕೇಜಿ ಹೆಚ್ಚು. ಮೇಷ್ಟ್ರು ನಕ್ಕು, “ಇಪ್ಪತ್ತೆಂಟು ವರ್ಷದಲ್ಲಿ ಕ್ಯಾಮೆರಾನ ತರಕಾರಿ ಥರ ತೂಗಿದ ಗಿರಾಕಿ ನೀವೊಬ್ಬರೇ ಸಾರ್,” ಎಂದರು.

“ವ್ಯಾಪಾರ ಹೇಗಿದೆ?” ಎಂದೆ ಸುಮ್ಮನೆ.

“ಶಟರ್ ಸ್ಪೀಡು ಜಾಸ್ತಿಯಾಗಿದೆ ಸಾರ್. ಮೊದಲು ಹತ್ತಕ್ಕೆ ಶಟರ್ ಎತ್ತಿದ್ರೆ ಇಳಿಸೋದು ರಾತ್ರಿ ಒಂಬತ್ತಕ್ಕೆ. ಈಗ ನೀವು ಎದ್ದ ತಕ್ಷಣ ಇಳಿಸ್ತೀನಿ.”

ಆ ಮಾತಿಗೆ ನಾನು ನಕ್ಕೆ. ಅವರೂ ನಕ್ಕರು, ಆದರೆ ನನ್ನಷ್ಟಲ್ಲ.

ಆಮೇಲೆ ಪಾರಿವಾಳದ ದಿನ ಬಂತು. ಎದುರು ಕಟ್ಟಡದ ಚಾವಣಿ ಅಂಚಿನಲ್ಲಿ ಅದು ಕುಳಿತಿತ್ತು. ಮೇಷ್ಟ್ರು ಕೆಂಪು ಪಟ್ಟಿಯ ಕ್ಯಾಮೆರಾಕ್ಕೆ ಉದ್ದ ಲೆನ್ಸು ತೊಡಿಸಿ ಕೈಗೆ ಕೊಟ್ಟರು. ಉಸಿರು ಬಿಗಿಹಿಡಿದು ಒತ್ತಿದೆ. ಪರದೆಯಲ್ಲಿ ನೋಡುತ್ತೇನೆ: ಕಣ್ಣಿನ ಸುತ್ತ ಕಿತ್ತಳೆ ಉಂಗುರ, ಕುತ್ತಿಗೆಯಲ್ಲಿ ಹಸಿರೂ ನೇರಳೆಯೂ ಜಗಳವಾಡುತ್ತಿರುವ ಬಣ್ಣ, ಕೊಕ್ಕಿನ ತುದಿಗೆ ಅಂಟಿದ ಕಾಳಿನ ಹೊಟ್ಟು. ಅನುಸ್ವಾರವಲ್ಲ, ಒತ್ತು ಕೊಂಬು ದೀರ್ಘಗಳ ಸಮೇತ ಇಡೀ ಪಾರಿವಾಳ. ನನ್ನ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ.

ಕೆಂಪೇ ಎಂದು ನಿಶ್ಚಯವಾಯಿತು. ಸಮಸ್ಯೆ ಹುಟ್ಟಿದ್ದು ಮನೆಗೆ ಬರುವ ದಾರಿಯಲ್ಲಿ. ಬಸ್ಸಿನಲ್ಲಿ ಪಕ್ಕದವನ ಫೋನು ನೋಡಬಾರದಿತ್ತು, ನೋಡಿದೆ. ಮನೆಗೆ ಸಾಮಾನು ತರಿಸುವ ಆ್ಯಪಿನಲ್ಲಿ ಅದೇ ಕ್ಯಾಮೆರಾ. ಮೇಷ್ಟ್ರ ಬೆಲೆಗಿಂತ ಎಷ್ಟು ಕಡಿಮೆ ಎಂದರೆ, ಉಳಿದದ್ದರಲ್ಲಿ ಆ ಉದ್ದ ಲೆನ್ಸೂ ಬರುತ್ತಿತ್ತು.

ಆ ಸಂಜೆ ನನ್ನೊಳಗೆ ಮಹಾಯುದ್ಧ ನಡೆಯಿತು. ಆತ್ಮಸಾಕ್ಷಿ ಎಂಬ ಸೇನಾಧಿಪತಿ ಏಳೂವರೆಯವರೆಗೆ ಹೋರಾಡಿ ಊಟಕ್ಕೆ ಹೋದ. ಬೇರೆಯವರ ವಿಷಯದಲ್ಲಾದರೆ ನನ್ನ ಆತ್ಮಸಾಕ್ಷಿ ಉಪವಾಸವಿದ್ದೂ ಕಾದಾಡುತ್ತದೆ. ನನ್ನ ವಿಷಯ ಬಂದರೆ ಬೇಗ ಹಸಿವಾಗುತ್ತದೆ. ಇನ್ನೊಂದು ತೊಡಕಿತ್ತು. ‘ಅಂಥ ಆ್ಯಪನ್ನು ನನ್ನ ಫೋನಿನಲ್ಲಿ ಎಂದೂ ಇಟ್ಟುಕೊಳ್ಳುವುದಿಲ್ಲ’ ಎಂದು ಅಂಕಣದಲ್ಲೇ ಘೋಷಿಸಿದ್ದೆ. (ಹೆಂಡತಿಯ ಫೋನಿನ ಬಗ್ಗೆ ಏನೂ ಘೋಷಿಸಿರಲಿಲ್ಲ.)

“ನಿನ್ನ ಫೋನು ಕೊಡೆ, ನಿಘಂಟಿನಲ್ಲಿ ಒಂದು ಪದ ನೋಡಬೇಕು.”

“ಯಾವ ಪದ?”

ಬಾಯಿಗೆ ಬಂದದ್ದು ಅಂದುಬಿಟ್ಟೆ. “ನಿಯತ್ತು.”

“ಅರ್ಥ ಬೇಕಾ, ಕಾಗುಣಿತ ಬೇಕಾ?” ಎನ್ನುತ್ತಾ ಫೋನು ಕೊಟ್ಟಳು. “ತ-ಗೆ ಒತ್ತಿದೆ. ಬಿಟ್ಟುಬಿಡ್ತೀರಿ ನೀವು.”

ಬಿಟ್ಟೇಬಿಟ್ಟೆ. ಎರಡೇ ನಿಮಿಷದಲ್ಲಿ ಕ್ಯಾಮೆರಾ ನನ್ನದಾಯಿತು.

ಮೂರನೆಯ ದಿನ ಪಾರ್ಸೆಲ್ ಬರಬೇಕು. ಮನೆಯಲ್ಲಿರೋಣವೆಂದರೆ, ಮೂರು ವಾರ ತಪ್ಪದೆ ಹೋದವನು ಒಂದು ದಿನ ಕಾಣದಿದ್ದರೆ ಮೇಷ್ಟ್ರಿಗೆ ಅನುಮಾನ ಬರುತ್ತದೆಂಬ ಅಳುಕು. (ಕಳ್ಳನಿಗೆ ಹಾಜರಿಯ ಚಿಂತೆ ಹೆಚ್ಚು.) ಹೋಗಿ ಅದೇ ಸ್ಟೂಲಿನ ಮೇಲೆ, ಅದೇ ಚೌಕಟ್ಟಿನ ಕೆಳಗೆ ಕುಳಿತು, “ಲೆನ್ಸ್ ಒರೆಸೋ ಬಟ್ಟೆ ಇದ್ರೆ ಒಂದು ಕೊಡಿ,” ಎಂದೆ, ಪಾಪಪರಿಹಾರಕ್ಕೆ.

“ಮೊದಲು ಕ್ಯಾಮೆರಾ ತಗೊಳ್ಳಿ ಸಾರ್, ಬಟ್ಟೆ ಪುಕ್ಕಟೆ,” ಎಂದರು ಮೇಷ್ಟ್ರು. “ನಿಮಗೋಸ್ಕರ ಒಂದು ಪೀಸ್ ಎತ್ತಿಟ್ಟಿದ್ದೀನಿ. ಇಬ್ಬರು ಕೇಳಿದ್ರು, ಕೊಡಲಿಲ್ಲ.”

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹೆಲ್ಮೆಟ್ಟು ನಿಂತಿತು. ಅದರ ತೋಳಿನಲ್ಲಿ ಒಂದು ಪೆಟ್ಟಿಗೆ.

“ಮೂಲೆ ಸ್ಟೂಲಿನ ಮೇಲೆ, ಹುಬ್ಬು ಗಂಟು ಹಾಕ್ಕೊಂಡು...” ಪಾರ್ಸೆಲ್ಲಿನವನು ಒಳಗೆಲ್ಲಾ ಕಣ್ಣಾಡಿಸಿ ನನ್ನಲ್ಲಿ ನಿಂತ. “ನೀವೇ ಸಾರ್. ಮೇಡಂಗೆ ಫೋನ್ ಮಾಡಿದೆ. ಮನೇಲಿ ಯಾರೂ ಇರಲ್ಲ, ಅವರು ಸಂಜೆ ಹೊತ್ತು ಕ್ಯಾಮೆರಾ ಅಂಗಡೀಲೇ ಇರ್ತಾರೆ, ಅಲ್ಲೇ ಕೊಡಿ ಅಂದ್ರು.”

ಆರ್ಡರು ಅವಳ ಫೋನಿನಿಂದ ಹೋದದ್ದು. ಕರೆಯೂ ಅವಳಿಗೇ ಹೋಗುತ್ತದೆಂಬ ಸಣ್ಣ ವಿಷಯ ಈ ದೊಡ್ಡ ತಲೆಗೆ ಹೊಳೆದಿರಲಿಲ್ಲ.

“ಅದು... ತಕ್ಕಡಿಯ ಬಿಡಿಭಾಗ,” ಎಂದೆ ಮೇಷ್ಟ್ರ ಕಡೆ ನೋಡದೆ.

“ಇಲ್ಲ ಸಾರ್, ಕ್ಯಾಮೆರಾ ಅಂತ ಬರೆದಿದೆ. ಮೆತ್ತಗೆ ಹಿಡ್ಕೊಳ್ಳಿ.” ಅವನು ಸುತ್ತಲೂ ನೋಡಿದ, ಗಾಜಿನ ಬೀರು, ಅದರೊಳಗೆ ಸಾಲು ಸಾಲು ಕ್ಯಾಮೆರಾ. ಅವನ ಮುಖದಲ್ಲಿ ನಿಜವಾದ ಕುತೂಹಲವಿತ್ತು. “ಇದು ಇಲ್ಲಿ ಸಿಗಲ್ವಾ ಸಾರ್?”

ನಾನು ಪೆಟ್ಟಿಗೆ ಇಸಿದುಕೊಂಡು, ಬರಹವಿದ್ದ ಮಗ್ಗುಲನ್ನು ತೊಡೆಗೆ ತಿರುಗಿಸಿದೆ. ಅವನು ಐದು ಸ್ಟಾರು ಕೊಡಿರೆಂದು ಹೇಳಿ ಹೊರಟುಹೋದ.

ಮೇಷ್ಟ್ರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಅದರ ಮೇಲಾದರೂ ಒಂದು ಅಂಕಣ ಬರೆಯಬಹುದಿತ್ತು. ಅವರು ಡ್ರಾಯರಿನಿಂದ ಬ್ಲೇಡು ತೆಗೆದರು. “ಕೊಡಿ ಸಾರ್. ಎಳೆದು ಬಿಚ್ಚಬಾರದು, ಪೆಟ್ಟಿಗೆ ಹರಿದುಹೋಗುತ್ತೆ.” ಟೇಪನ್ನು ನಾಜೂಕಾಗಿ ಸೀಳಿದರು. ನಾನು ನೆಲದ ಹಂಚು ಎಣಿಸುತ್ತಿದ್ದೆ. “ಬ್ಯಾಟರಿ ಮೊದಲ ಸಲ ಪೂರ್ತಿ ಚಾರ್ಜ್ ಮಾಡಿ. ಈಗ ನನ್ನದೊಂದು ಹಾಕ್ತೀನಿ. ನಿಮಗೆ ಅಂತ ಎತ್ತಿಟ್ಟಿದ್ದು ಇದೇ ಮಾಡೆಲ್ ಅಲ್ವಾ, ಸರಿಹೋಗುತ್ತೆ.”

“ಮೇಷ್ಟ್ರೇ...”

“ಮೊದಲ ಫೋಟೋ ಅಂಗಡಿಯದ್ದು ಸಾರ್. ಇಲ್ಲಿ ಕ್ಯಾಮೆರಾ ತಗೊಂಡವರದ್ದೆಲ್ಲಾ ನಾನೇ ತೆಗೀತೀನಿ. ನೀವು ತಗೊಳ್ಳಲಿಲ್ಲ, ಆದ್ರೆ ಮೂರು ವಾರ ಕೂತಿದ್ರಲ್ಲ. ಅಲ್ಲೇ ಇರಿ.”

ಟಪ್ ಎಂಬ ಸದ್ದೂ ಇಲ್ಲ, ಕನ್ನಡಿ ಇಲ್ಲವಲ್ಲ. ಅಂಗಡಿಯ ಯಂತ್ರದಲ್ಲೇ ಪ್ರಿಂಟು ಹಾಕಿ ಕೈಗಿಟ್ಟರು.

ಅದ್ಭುತ ಫೋಟೋ. ಗೋಡೆಯ ಮೇಲಿನ ನಾನು ಎಷ್ಟು ಸ್ಪಷ್ಟವೆಂದರೆ ಗಂಟಿಕ್ಕಿದ ಹುಬ್ಬಿನ ಕೂದಲು ಎಣಿಸಬಹುದು, ಕೆಳಗೆ ಕಳ್ಳನ ಬಗ್ಗೆ ಬರೆದ ಸಾಲನ್ನು ಅಕ್ಷರ ಅಕ್ಷರ ಓದಬಹುದು. ಅದರ ಮುಂದೆ, ಯಾರೋ ಇಳಿಸಿ ಮರೆತುಹೋದ ಮೂಟೆಯಂತೆ ಏನೋ ಮಸುಕು ಮಸುಕು. ಅದು ಸ್ಟೂಲಿನ ಮೇಲಿನ ನಾನು.

“ಕ್ಯಾಮೆರಾದ್ದು ತಪ್ಪಿಲ್ಲ ಸಾರ್,” ಎಂದರು ಮೇಷ್ಟ್ರು, ಪಾಠ ಹೇಳುವ ಅದೇ ದನಿಯಲ್ಲಿ. “ನೀವು ತಲೆ ತಗ್ಗಿಸಿಬಿಟ್ರಿ. ಅದಕ್ಕೆ ಮುಖ ಅಂತ ಕಂಡಿದ್ದು ಗೋಡೆ ಮೇಲಿಂದೇ.” ಆಮೇಲೆ ಲೆನ್ಸ್ ಒರೆಸುವ ಬಟ್ಟೆ ಚಾಚಿದರು. “ಕೇಳಿದ್ರಲ್ಲ, ತಗೊಳ್ಳಿ.” ಅದನ್ನು ತೆಗೆದುಕೊಂಡು ನಾನು ಹಣೆ ಒರೆಸಿಕೊಂಡೆ.

ಸಂಜೆ ಹೆಂಡತಿ ಆ ಫೋಟೋವನ್ನು ದೀಪದ ಕೆಳಗೆ ಹಿಡಿದು, ಕರಡು ಓದುವ ಹಾಗೆ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಓದಿದಳು.

“ಗೊತ್ತಿದ್ದೇ ಅವನನ್ನ ಅಂಗಡಿಗೆ ಕಳಿಸಿದೆಯಾ?” ಎಂದೆ.

“ನನಗೇನು ಗೊತ್ತು? ನಿಘಂಟು ಬಂದಿರಬೇಕು ಅಂದ್ಕೊಂಡೆ.” ಫೋಟೋದಿಂದ ಕಣ್ಣು ಕೀಳಲಿಲ್ಲ. “ಇದರೊಳಗೆ ಕನ್ನಡಿ ಇಲ್ಲ ಅಂತ ಯಾರ್ರೀ ಹೇಳಿದ್ದು?”

ಆ ಉದ್ದ ಲೆನ್ಸನ್ನು ಮಾರನೆಯ ದಿನ ಮೇಷ್ಟ್ರ ಹತ್ತಿರವೇ, ಮೇಷ್ಟ್ರ ಬೆಲೆಗೇ ಕೊಂಡೆ. ಚೌಕಟ್ಟು ಇನ್ನೂ ಅಲ್ಲೇ ಇದೆ. “ಲೇಖನ ಚೆನ್ನಾಗಿದೆ ಸಾರ್, ಅದ್ಯಾಕೆ ತೆಗೀಬೇಕು?” ಎಂದರು. ಬರೆದವನ ಬಗ್ಗೆ ಏನೂ ಹೇಳಲಿಲ್ಲ.

ಕೊನೆಯದಾಗಿ ಒಂದು ಮಾತು. ಈ ವಾರ ಅಂಕಣದ ನೆತ್ತಿಯ ಮೇಲೆ ನನ್ನ ಫೋಟೋ ಇರುವ ಜಾಗದಲ್ಲಿ ಒಂದು ಮಸುಕು ಮೂಟೆ ಕಾಣುತ್ತಿದ್ದರೆ, ದಯವಿಟ್ಟು ಯಾರೂ ಪತ್ರಿಕೆಗೆ ಫೋನ್ ಮಾಡಬೇಡಿ. ಅಚ್ಚಿನ ದೋಷವಲ್ಲ. ಕರಡು ತಿದ್ದುವವಳು ಎರಡೆರಡು ಸಲ ನೋಡಿ, ಸರಿಯಿದೆ ಎಂದು ಸಹಿ ಹಾಕಿದ್ದಾಳೆ.