ಮನೆಗೊಂದು ಅರ್ಥ

ಶಿರಾದಿಂದ ಬಂದ ಕಾರ್ಡಿನಲ್ಲಿ ಇದ್ದದ್ದು ಮೂರೇ ಸಾಲು. ‘ಬುಧವಾರ ಮಧ್ಯಾಹ್ನದ ಬಸ್ಸಿಗೆ ಮನೆ ನೋಡಲು ಬರುತ್ತೇವೆ. ಹುಡುಗ ನೋಡಲು ಲಕ್ಷಣವಾಗಿದ್ದಾನೆ. ಇಂಗ್ಲಿಷ್ ಎಷ್ಟು ಬರುತ್ತದೆಂದು ಎದುರಿಗೇ ಕೇಳಿ ತಿಳಿದು, ಆಮೇಲೆ ಮುಂದಿನ ಮಾತು.’

ಆ ಕಾರ್ಡು ಮಧುಗಿರಿಯ ಕೋಟೆ ಬೀದಿಗೆ ಬಂದು ಮುಟ್ಟಿದ್ದೇ ಬುಧವಾರ ಬೆಳಿಗ್ಗೆ!

ಶಂಕರಲಿಂಗಪ್ಪ ಅಂಗಡಿಯಲ್ಲಿ ಹಗ್ಗ ಅಳೆಯುತ್ತಿದ್ದವನು ಅದನ್ನು ಓದಿ, ಮೊಳವೆಷ್ಟಾಯಿತೆಂಬುದನ್ನೇ ಮರೆತ. ಲೋವರ್ ಸೆಕೆಂಡರಿ ಪರೀಕ್ಷೆಗೆ ಮೂರು ಸಲ ಕೂತಿದ್ದ, ಮೂರು ಸಲವೂ ಇಂಗ್ಲಿಷಿನಲ್ಲೇ ಬಿದ್ದಿದ್ದ. ಹಾಗೆಂದು ಈ ಸಂಬಂಧವನ್ನು ಬಿಡುವಂತೆಯೂ ಇರಲಿಲ್ಲ. ಹೋದ ವರ್ಷ ಸಿದ್ದರಬೆಟ್ಟದ ಮೆಟ್ಟಿಲ ಮೇಲೆ ಕೋತಿಯೊಂದು ಅವನ ಕೈಯ ತೆಂಗಿನಕಾಯಿ ಕಿತ್ತುಕೊಂಡು ಹೋದಾಗ, ಸುತ್ತಲಿದ್ದವರೆಲ್ಲ ನಕ್ಕರು. ಶಿರಾದ ಮಲ್ಲಿಕಾರ್ಜುನಯ್ಯನವರ ಕಿರಿಮಗಳು ರುದ್ರಮ್ಮ ಮಾತ್ರ ತನ್ನ ಬುಟ್ಟಿಯಿಂದ ಒಂದು ಕಾಯಿ ತೆಗೆದು ಅವನ ಮುಂದಿಟ್ಟು ಹೋಗಿದ್ದಳು. ಅಂದಿನಿಂದ ಅವನಿಗೆ ಯಾವ ತೆಂಗಿನಕಾಯಿ ಕಂಡರೂ ಎದೆ ಡವಗುಟ್ಟುತ್ತಿತ್ತು.

“ಸಂಜೀವಣ್ಣ, ಕೆಟ್ಟೆ!” ಎಂದು ಅವನು ಎದುರುಮನೆಗೆ ಓಡಿದ. ಪೋಸ್ಟಾಫೀಸಿನಿಂದ ಪಿಂಚಣಿ ಪಡೆದ ಸಂಜೀವಯ್ಯನವರೇ ಈ ಸಂಬಂಧ ತಂದವರು. “ಹುಡುಗನಿಗೆ ಇಂಗ್ಲಿಷ್ ಅಂದ್ರೆ ಮಜ್ಜಿಗೆ ಕುಡಿದಂಗೆ, ನಾನೇ ಕಲಿಸಿದ್ದು” ಎಂದು ಶಿರಾದಲ್ಲಿ ಹೇಳಿ ಬಂದವರೂ ಅವರೇ.

“ಯಾಕೋ ಹಂಗೆ ಕೋಳಿಮರಿ ತರ ಒದ್ದಾಡ್ತೀಯ? ಪರೀಕ್ಷೆ ಮಾಡೋನು ನಾನೇ ಅಲ್ವೇನೋ. ಆ ಮಲ್ಲಿಕಾರ್ಜುನಯ್ಯನಿಗೆ ಎಬಿಸಿಡಿ ಬರಲ್ಲ. ಒಂದೇ ಪದ ಕಲಿ, ಅದನ್ನೇ ಕೇಳ್ತೀನಿ.”

“ಒಂದೇ ಪದಕ್ಕೆ ಹೆಣ್ಣು ಕೊಡ್ತಾರಾ?”

“ನಾನು ಹುಡುಕೋ ಪದ ಅಂಥಿಂಥದ್ದಲ್ಲ!” ಎಂದು ಅವರು ಪೆಟ್ಟಿಗೆಯಿಂದ ನಿಘಂಟು ತೆಗೆದರು. ಎ ಇಂದ ಕ್ಯೂವರೆಗೆ ಗೆದ್ದಲು ತಿಂದು ತೇಗಿತ್ತು. ಉಳಿದದ್ದರಲ್ಲಿ ಬೆರಳಾಡಿಸಿ ಅವರು ಒಂದು ಕಡೆ ಗುದ್ದಿದರು. “ರನ್! ಎರಡು ಪುಟ ಅರ್ಥ ಇದೆ ನೋಡು. ಸಮಾನ ಪದ ರೇಸ್, ರಶ್, ಸ್ಪೀಡ್. ಅರ್ಥ ಓಡುವುದು, ನೀರು ಹರಿಯುವುದು, ಅಂಗಡಿ ನಡೆಸುವುದು, ಬಸ್ಸು ಸಂಚರಿಸುವುದು, ಬಟ್ಟೆ ಬಣ್ಣ ಬಿಡುವುದು, ಮೂಗು ಸೋರುವುದು, ಎಲೆಕ್ಷನ್ನಿಗೆ ನಿಲ್ಲುವುದು.”

“ಓಡೋದು ಅಂದ್ರೆ ನಿಲ್ಲೋದು ಹೆಂಗಾಗ್ತದಣ್ಣ?”

“ಅವರ ದೇಶದೋರು ಓಡ್ತಾರೆ, ನಮ್ಮೋರು ನಿಲ್ತಾರೆ. ಬಾಯಿಪಾಠ ಮಾಡು!”

ಬಾಯಿಪಾಠ ಬಾಯಲ್ಲಿ ನಿಲ್ಲಲಿಲ್ಲ. ಐದು ಹೇಳಿದರೆ ಎರಡು ಜಾರುತ್ತಿತ್ತು. ಕೊನೆಗೆ ಶಂಕರಲಿಂಗಪ್ಪನೇ ಒಂದು ದಾರಿ ಕಂಡುಕೊಂಡ. ಕೋಟೆ ಬೀದಿಯ ಮನೆಗಳು ಅವನಿಗೆ ಕಣ್ಣು ಮುಚ್ಚಿದರೂ ಸಾಲಾಗಿ ಕಾಣುತ್ತಿದ್ದವು. ಮನೆಗೊಂದು ಅರ್ಥ ಹಂಚಿಬಿಟ್ಟರೆ? ಕುರಿಯ ಅಂಜನಪ್ಪನ ಮನೆಗೆ ಓಡುವುದು. ಪಕ್ಕದ ಹೊನ್ನಕ್ಕನ ಮನೆಗೆ ಮೂಗು ಸೋರುವುದು, ಅವಳ ಮೊಮ್ಮಗನ ದೆಸೆಯಿಂದ. ಆಚೆಯ ಬಾವಿಗೆ ನೀರು ಹರಿಯುವುದು. ಬಣ್ಣದವರ ಮನೆಗೆ ಬಣ್ಣ ಬಿಡುವುದು. ಮುನಿಸಿಪಾಲಿಟಿ ಮೆಂಬರ ಮನೆಗೆ ಎಲೆಕ್ಷನ್ನು. ಅಂಗಡಿ ಅವನದೇ. ತುದಿಯಲ್ಲಿ ಬಸ್ಸು ನಿಲ್ಲುವ ಆಲದ ಮರ.

ಒಂದೊಂದು ಮನೆಯ ಮುಂದೂ ನಿಂತು, ಅದಕ್ಕೆ ಕೈತೋರಿಸಿ, ಅರ್ಥ ಹೇಳುತ್ತಾ ಬೀದಿಯುದ್ದ ನಡೆದ. ಎರಡನೆಯ ಸುತ್ತಿಗೆ ಎಲ್ಲವೂ ನಾಲಿಗೆಯ ಮೇಲೆ ಕೂತವು. ಮೂರನೆಯ ಸುತ್ತಿಗೆ ಹೊನ್ನಕ್ಕ ಮೊರ ಹಿಡಿದುಕೊಂಡೇ ಹೊರಗೆ ಬಂದಳು.

“ಏನ್ಲಾ ಅದು, ನಮ್ಮನೆ ತಾವ ಬಂದು ಬಂದು ‘ಮೂಗು ಸೋರೋದು’ ಅಂತೀಯ?”

“ಇಂಗ್ಲಿಷ್ ಅರ್ಥ ಕಣಕ್ಕ. ಮನೆಗೊಂದು ಹಂಚಿದ್ದೀನಿ.”

“ಮೆಂಬ್ರ ಮನೆಗೆ ಏನು ಕೊಟ್ಟೆ?”

“ಎಲೆಕ್ಷನ್ನು.”

“ಓಹೋ! ಅವರಿಗೆ ಎಲೆಕ್ಷನ್ನು, ನಮಗೆ ಸಿಂಬಳ! ನಿಮ್ಮವ್ವಂಗೆ ಹೆರಿಗೆ ಮಾಡ್ಸಿದ ಕೈ ಇದು ಕಣ್ಲಾ! ಬದ್ಲಾಯಿಸು ಮೊದ್ಲು, ಇಲ್ದಿದ್ರೆ ಶಿರಾದೋರು ಬಂದಾಗ ಬಾಗಿಲಲ್ಲೇ ನಿಂತು ನ್ಯಾಯ ಕೇಳ್ತೀನಿ!”

ಶಂಕರಲಿಂಗಪ್ಪ ಬೆವತು, ಎಲೆಕ್ಷನ್ನನ್ನು ಹೊನ್ನಕ್ಕನಿಗೆ ಕೊಟ್ಟ. ಸುದ್ದಿ ಹಬ್ಬಲು ಎಷ್ಟು ಹೊತ್ತು? ಮೆಂಬರ ಹೆಂಡತಿ ಮೂಗು ಬೇಡವೆಂದು ಬಾಗಿಲು ಹಾಕಿಕೊಂಡಳು. ಬಣ್ಣದವರು, “ನಮ್ಮ ಬಣ್ಣ ಬಿಡ್ತದೆ ಅಂತ ಬೀದಿಲಿ ಸಾರಿದ್ರೆ ಯಾರು ಬಟ್ಟೆ ತರ್ತಾರಯ್ಯ?” ಎಂದು ಸಿಡಿದರು. ಅಂಜನಪ್ಪ ಮಾತ್ರ ತಲೆ ಕೆರೆದುಕೊಳ್ಳುತ್ತಾ ಮೆಲ್ಲಗೆ ಹೇಳಿದ: “ನಮ್ಮನೆಗೆ ಆ ಬಸ್ಸು ಹಾಕ್ಬುಡಪ್ಪಾ. ಕುರಿ ದಿನಾ ಓಡ್ತವೆ. ಬಸ್ಸು ನಾನು ಒಂದ್ಸಲಾನೂ ಹತ್ತಿಲ್ಲ.”

ಹೀಗೆ ಕೊಟ್ಟು ಕಿತ್ತು, ಕಿತ್ತು ಕೊಟ್ಟು, ಮಧ್ಯಾಹ್ನದ ಹೊತ್ತಿಗೆ ಅವನ ತಲೆ ಸಂತೆ ಮುಗಿದ ಮೈದಾನದಂತಾಗಿತ್ತು. ಅಷ್ಟರಲ್ಲಿ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಕೆಮ್ಮುತ್ತಾ ಬಂದು ಆಲದ ಮರದಡಿ ನಿಂತೇಬಿಟ್ಟಿತು! ಯುದ್ಧದ ಕಾಲ, ಪೆಟ್ರೋಲಿಲ್ಲ. ಇಳಿದ ಮಲ್ಲಿಕಾರ್ಜುನಯ್ಯನವರ ಹಣೆಯ ವಿಭೂತಿಯೂ ಕಪ್ಪಾಗಿತ್ತು.

ಹುಡುಗನ ತಾಯಿ ಬಸವಮ್ಮ ಬೆಲ್ಲದ ಪಾನಕ ಕೊಟ್ಟಳು, ಒಬ್ಬಟ್ಟು ಬಡಿಸಿದಳು. ಶಂಕರಲಿಂಗಪ್ಪ ಹೊಸ ಕೆಂಪು ರುಮಾಲು ಸುತ್ತಿ ಚಾಪೆಯ ಮೇಲೆ ಕೂತ. ಬಾಗಿಲಲ್ಲಿ, ಕಿಟಕಿಯಲ್ಲಿ, ಪಡಸಾಲೆಯ ಕಂಬದ ಸಂದಿಯಲ್ಲಿ ಇಡೀ ಬೀದಿ ತುಂಬಿಕೊಂಡಿತ್ತು.

ಸಂಜೀವಯ್ಯ ಗಂಟಲು ಸರಿಮಾಡಿಕೊಂಡರು. “ಶಂಕರಲಿಂಗಪ್ಪಾ, ರನ್ ಎಂಬ ಪದಕ್ಕೆ ಸಮಾನ ಪದ ಹಾಗೂ ಅರ್ಥಗಳನ್ನು ಹೇಳತಕ್ಕದ್ದು.”

“ರೇಸ್, ರಶ್, ಸ್ಪೀಡ್. ಅರ್ಥ, ಅಂಗಡಿ ನಡೆಸುವುದು, ಬಸ್ಸು ಸಂಚರಿಸುವುದು...” ಅಲ್ಲಿಗೆ ನಿಂತ. ಮುಂದಿನ ಮನೆ ಯಾರದೆಂದೇ ಹೊಳೆಯಲಿಲ್ಲ. ಬೀದಿಗೆ ಬೀದಿಯೇ ಅವನ ತಲೆಯೊಳಗೆ ಬಾಗಿಲು ಹಾಕಿಕೊಂಡಿತ್ತು.

ಕಿಟಕಿಯಲ್ಲಿದ್ದ ಹೊನ್ನಕ್ಕನಿಗೆ ಕರುಳು ಚುರಕ್ ಎಂದಿತು. ಮಾನ ಹೋದರೆ ಹೋಗಲಿ ಎಂದು ಮೊಮ್ಮಗನನ್ನು ಎತ್ತಿ ಸರಳಿಗೆ ಒತ್ತಿ ಹಿಡಿದಳು.

“ಮೂಗು ಸೋರುವುದು!” ಎಂದು ಕಿರುಚಿದ ಶಂಕರಲಿಂಗಪ್ಪ.

ಅದನ್ನು ಕಂಡ ಅಂಜನಪ್ಪ ತಾನೂ ಹಿಂದೆ ಬೀಳಬಾರದೆಂದು ಮನೆಯ ಟಗರನ್ನು ಬಾಗಿಲಿಂದ ಒಳಕ್ಕೆ ನೂಕಿದ. ಅದು ಜನರನ್ನು ಕಂಡು ಗಾಬರಿಗೊಂಡು ಹಜಾರದ ಸುತ್ತ ದೌಡಾಯಿಸಿತು. “ಓಡುವುದು!” ಟಗರು ನೀರಿನ ಹಂಡೆಗೆ ಗುದ್ದಿತು. “ಹರಿಯುವುದು!” ಹಂಡೆಯ ನೀರು ಅರ್ಧ ಮೇಲಕ್ಕೆ ಹಾರಿ ಅವನ ತಲೆಯ ಮೇಲೇ ಬಿತ್ತು. ಹೊಸ ರುಮಾಲಿನಿಂದ ಕೆಂಪು ನೀರು ಕೆನ್ನೆಯ ಮೇಲೆ ಇಳಿಯತೊಡಗಿತು. “ಬಣ್ಣ ಬಿಡುವುದು!” ಎಂದು ಅವನು ಎರಡು ಕೈಯೆತ್ತಿ ಕೂಗಿದ. “ಎಲೆಕ್ಷನ್ನಿಗೆ ನಿಲ್ಲುವುದು!” ಎನ್ನುತ್ತಾ ಎದ್ದೇ ನಿಂತ.

ಬೀದಿಯವರೆಲ್ಲ ಹೋ ಎಂದರು! ಹೊನ್ನಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸಂಜೀವಯ್ಯ, “ಹೆಂಗೆ?” ಎನ್ನುವಂತೆ ಬೀಗರತ್ತ ತಿರುಗಿದರು.

ಮಲ್ಲಿಕಾರ್ಜುನಯ್ಯನವರು ಎದ್ದು ಕೈಮುಗಿದರು. ಮುಖ ಬಾಡಿತ್ತು.

“ತಪ್ಪು ತಿಳೀಬೇಡಿ ತಾಯಿ. ನನ್ನ ಹಿರಿ ಅಳಿಯನೂ ಇಂಗ್ಲಿಷ್ ಕಲ್ತೋನು. ಮೂರು ವರ್ಷದಿಂದ ನಮ್ಮ ಹುಣಸೆಹಣ್ಣಿನ ಮಂಡೀಲಿ ಮೂಟೆ ಮೇಲೆ ಕೂತು ಪೇಪರ್ ಓದ್ತಾವ್ನೆ. ಎದ್ದೇಳಯ್ಯ ಅಂದ್ರೆ ಜರ್ಮನಿ ವಿಷಯ ಹೇಳ್ತಾನೆ. ಈ ಸಲ ಇಂಗ್ಲಿಷ್ ಗಾಳಿನೂ ಸೋಕದ ಹುಡುಗನಿಗೇ ಕೊಡೋದು ಅಂತ ಮನೇಲಿ ದೇವರ ಮುಂದೆ ನಿಂತು ಹೇಳಿ ಬಂದಿದ್ದೀನಿ. ಸಂಜೀವಯ್ಯನೋರು ಮಜ್ಜಿಗೆ ಕುಡಿದಂಗೆ ಅಂದಿದ್ದು ಬರೀ ಬಾಯಿಮಾತೇನೋ ಅಂತ ನೋಡೋಕೆ ಬಂದೆ. ಅಯ್ಯಪ್ಪಾ! ಇವರು ಸಮುದ್ರ!”

ಶಂಕರಲಿಂಗಪ್ಪ ಅವರ ದಾರಿಗೆ ಅಡ್ಡ ನಿಂತ. “ಸ್ವಾಮಿ, ನಂಗೆ ಇಂಗ್ಲಿಷೇ ಬರಲ್ಲ! ಇದೊಂದೇ ಪದ! ಇವತ್ತು ಬೆಳಿಗ್ಗೆ ಕಲ್ತೆ!”

“ನೋಡಿದ್ರಾ ವಿನಯ!” ಎಂದು ಕಿಟಕಿಯಿಂದ ಹೊನ್ನಕ್ಕ ಉಬ್ಬಿಹೋದಳು. “ನಮ್ಮ ಬೀದಿ ಮಗ ಕಣ್ರೀ!”

“ಸಂಜೀವಣ್ಣ, ನೀವಾದ್ರೂ ನಿಜ ಹೇಳಿ! ಮೂರು ಸಲ ಫೇಲಾಗಿಲ್ವಾ ನಾನು?”

ಇಡೀ ಬೀದಿ ತಮ್ಮನ್ನೇ ನೋಡುತ್ತಿದೆ. ಸಂಜೀವಯ್ಯ ಹುಬ್ಬು ಗಂಟಿಕ್ಕಿದರು. “ನಾನು ಕಲಿಸಿದೋನು ಫೇಲಾಗೋದುಂಟೇನೋ?”

“ಹಂಗಾದ್ರೆ ಇನ್ನೊಂದು ಪದ ಕೇಳಿ! ಯಾವುದಾದ್ರೂ ಕೇಳಿ!”

“ಸಾಲ್ಟ್.”

“ಗೊತ್ತಿಲ್ಲ!” ಶಂಕರಲಿಂಗಪ್ಪ ಕುಣಿದಾಡಿದ. “ಗೊತ್ತಿಲ್ಲ ಸ್ವಾಮಿ, ಕೇಳಿದ್ರಾ? ಗೊತ್ತೇ ಇಲ್ಲ!”

ಮಲ್ಲಿಕಾರ್ಜುನಯ್ಯನವರು ನಿಟ್ಟುಸಿರು ಬಿಟ್ಟರು. “ನನ್ನ ಹಿರಿ ಅಳಿಯನೂ ಹಿಂಗೇ. ಏನು ಕೇಳಿದ್ರೂ ಗೊತ್ತಿಲ್ಲ ಅಂತಾನೆ.”

ಅವರು ಮೆಟ್ಟು ಹಾಕಿಕೊಳ್ಳಲು ಬಾಗಿಲಿಗೆ ಬಂದರು. ಹೊಸಿಲ ಬಳಿ, ಹಿಂದಿನ ಬೀದಿಯ ಕಾಡಸಿದ್ದಪ್ಪ ಎಂಬ ಕಟ್ಟಾಳು ಟಗರನ್ನು ಒಂದೇ ಕೈಯಲ್ಲಿ ಅಮುಕಿ ಹಿಡಿದು ನಿಂತಿದ್ದ, ಗಲಾಟೆ ಕೇಳಿ ನೋಡಲು ಬಂದವನು.

“ನಿಂಗೆ ಇಂಗ್ಲಿಷ್ ಬರ್ತದೇನಪ್ಪ?”

“ಸೈನೂ ಬರಲ್ಲ ಸ್ವಾಮಿ. ಹೆಬ್ಬೆಟ್ಟು.”

“ಮೂಟೆ ಹೊರ್ತೀಯಾ?”

“ಎರಡೆರಡು.”

“ಕೊರಳಲ್ಲಿ ಲಿಂಗ ಐತಾ?”

ಕಾಡಸಿದ್ದಪ್ಪ ಕರಡಿಗೆ ತೆಗೆದು ತೋರಿಸಿದ. ಮಲ್ಲಿಕಾರ್ಜುನಯ್ಯನವರ ಮುಖ ಬೆಳಗಿತು. ಅವನ ತಂದೆಯನ್ನು ಕರೆಸಿದರು. ಹಿಂದಿನ ಬೀದಿಯವರೆಗೆ ಹೋಗಲು ಯಾರಿಗೂ ಪುರುಸೊತ್ತಾಗಲಿಲ್ಲ. ಬಸವಮ್ಮನ ಹಜಾರದಲ್ಲೇ, ಬಸವಮ್ಮನ ಒಬ್ಬಟ್ಟನ್ನೇ ಮೆಲ್ಲುತ್ತಾ ಮಾತು ಮುಗಿಯಿತು, ಎಲೆ ಅಡಿಕೆ ಕೈ ಬದಲಾಯಿತು.

ಹೊರಡುವಾಗ ಕಾಡಸಿದ್ದಪ್ಪನ ತಂದೆ, ಕೆನ್ನೆಯ ಮೇಲೆ ಕೆಂಪು ಇಳಿಸಿಕೊಂಡು ಕಂಬಕ್ಕೊರಗಿದ್ದ ಶಂಕರಲಿಂಗಪ್ಪನ ಕೈ ಹಿಡಿದುಕೊಂಡ.

“ಶಂಕರಣ್ಣ, ಒಂದು ಉಪಕಾರ ಆಗ್ಬೇಕು ಕಣಪ್ಪ. ತುಮಕೂರಲ್ಲಿ ಬೀಗರ ಕಡೆ ದೊಡ್ಡ ಮನುಷ್ಯರು ಇದಾರಂತೆ. ಮದುವೆ ಕಾರ್ಡು ಇಂಗ್ಲಿಷ್‌ನಲ್ಲಿ ಬರ್ಕೊಡು. ಈ ಊರಲ್ಲಿ ನಿನ್ನ ಬಿಟ್ರೆ ಇನ್ಯಾರಿದಾರೆ?”