ಅಪ್‌ಡೇಟಿನಲ್ಲಿ ಕಾಣೆಯಾದ ಭಾವನ ಮಂದಿ

ಕರೆಂಟು ನಡುವೆಯೇ ಹೋಗಬಹುದಿತ್ತು. ಹೋದದ್ದು ಎರಡರಷ್ಟಾಗಿ ತಿರುಗಿ ಬಂದು ಕಂಪ್ಯೂಟರಿನ ಹೊಟ್ಟೆ ಸುಡಬಹುದಿತ್ತು. ಪರದೆ ನೀಲಿಯಾಗಿ ನಿಂತು, ನನಗೆ ಓದಲು ಬಾರದ ಲಿಪಿಯಲ್ಲಿ ಬೈಗುಳ ಮೂಡಬಹುದಿತ್ತು. ಭಾವ ಇಷ್ಟು ವರ್ಷ ಕೂಡಿಟ್ಟ ಹಾಡುಗಳೆಲ್ಲ ಒಂದೇ ಗುಟುಕಿಗೆ ಅಳಿಸಿಹೋಗಬಹುದಿತ್ತು. ಬ್ಯಾಟರಿ ಉಬ್ಬಿ ಒಡೆದು, ಗೋಡೆಯ ಕೌದಿಗಳಿಗೆ ಕಿಡಿ ತಗುಲಿ, ಅಕ್ಕನ ಮನೆ ಹೊತ್ತಿ, ಮನೆಯಿಂದ ಓಣಿ, ಓಣಿಯಿಂದ ಪೇಟೆ... ಅಪ್‌ಡೇಟ್ ಗುಂಡಿ ಒತ್ತುವ ಮೊದಲು ನಾನು ಆ ಬೆಂಕಿಯನ್ನು ಮನಸ್ಸಿನಲ್ಲೇ ಸವಣೂರಿನಿಂದ ಶಿಗ್ಗಾಂವಿಯವರೆಗೆ ಒಯ್ದು, ಅಲ್ಲಿ ಅಗ್ನಿಶಾಮಕದವರಿಗೆ ಫೋನ್ ಕೂಡ ಮಾಡಿದ್ದೆ!

ಇಷ್ಟೆಲ್ಲ ಯೋಚಿಸಿಯೇ ಒತ್ತಿದೆ. ಇದರಲ್ಲಿ ಒಂದೂ ಆಗಲಿಲ್ಲ.

ಮೊದಲು ನಮ್ಮ ಭಾವನ ವಿಷಯ ಹೇಳಬೇಕು. ಪಂಪ್‌ಸೆಟ್ಟಿಗೆ ಶ್ರುತಿ ಕೂಡಿಸುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಮ್ಮ ಮನೆತನಕ್ಕೆ ಅಂಥ ಅಳಿಯ ಸಿಕ್ಕಿದ್ದಾರೆ. ಸವಣೂರಿನಲ್ಲಿ ಅವರದು ಸುಟ್ಟ ಮೋಟಾರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ. ಉಳಿದವರು ಮೋಟಾರು ತಿರುಗಿದರೆ ಸಾಕು ಎನ್ನುತ್ತಾರೆ. ಭಾವ ಹಾಗಲ್ಲ. ತಿರುಗುವ ಮೋಟಾರಿಗೆ ಕಿವಿಗೊಟ್ಟು, ಕಣ್ಣು ಮುಚ್ಚಿ, ಹಾರ್ಮೋನಿಯಂ ಮನೆಗಳ, ಅಂದರೆ ಅದರ ಬಿಳಿ-ಕಪ್ಪು ಪಟ್ಟಿಗಳ, ಲೆಕ್ಕದಲ್ಲಿ ತೀರ್ಪು ಕೊಡುತ್ತಾರೆ: “ಕಪ್ಪು ಎರಡು. ಒಯ್ರಿ.” ದನಿ ಒಂದು ಕೂದಲೆಳೆ ಇಳಿದಿದ್ದರೆ ಸುತ್ತಿದ ತಂತಿಯನ್ನೆಲ್ಲ ಬಿಚ್ಚಿ ಮತ್ತೆ ಸುತ್ತುತ್ತಾರೆ. ಒಮ್ಮೆ ಮೆಕ್ಕೆಜೋಳದ ರೈತನೊಬ್ಬ ಕಾದು ಕಾದು ಸಾಕಾಗಿ, “ರೀ, ನನಗ ನೀರು ಬೇಕಾಗೇತಿ, ಸಂಗೀತ ಅಲ್ಲ!” ಎಂದ. ಭಾವ ತಲೆ ಎತ್ತದೆ, “ಬೇಸೂರ ಮೋಟಾರಿನ ನೀರು ಕುಡದ ಗೊಂಜಾಳ ಹೆಂಗ ತಲಿ ತೂಗೀತು, ನೀನ ಹೇಳು” ಎಂದರು. ರೈತ ಮತ್ತೆ ಕುಂತ.

ಅಂಗಡಿ ಹೊಟ್ಟೆಪಾಡು. ಅವರ ಜೀವ ಇದ್ದದ್ದು ಮನೆಯ ಹಿಂದಿನ ಕಾಳಿನ ಕೋಣೆಯಲ್ಲಿ. ಕಾಳಿನ ಚೀಲಗಳನ್ನು ಪಡಸಾಲೆಗೆ ದಬ್ಬಿ, ಅಲ್ಲಿ ಒಂದು ಕಂಪ್ಯೂಟರು, ಒಂದು ಮೈಕು, ಎರಡು ಕುರ್ಚಿ ಇಟ್ಟುಕೊಂಡಿದ್ದರು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬೀಸುವಾಗ, ಕಳೆ ಕೀಳುವಾಗ ಹಾಡುವ ಪದಗಳನ್ನು ಕರೆದು ಕೂಡಿಸಿ ಹಿಡಿದಿಡುವುದು ಅವರ ಹುಚ್ಚು. ದನಿ ಗೋಡೆಗೆ ಬಡಿದು ಗುಂಯ್‌ಗುಡಬಾರದೆಂದು ಮನೆಯ ಕೌದಿಗಳನ್ನೆಲ್ಲ ಒಳಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದರು. ಚಳಿಗಾಲದಲ್ಲಿ ಹೋದ ನನಗೆ ಅಕ್ಕ ಒಂದು ಕೌದಿ ಇಳಿಸಿಕೊಡಲು ಹೋದರೆ, ಭಾವ ಅಡ್ಡ ನಿಂತರು: “ಅದನ್ನ ತಗದರ ಕ್ವಾಣಿ ಬತ್ತಲ ಆಗತೈತಿ. ತಮ್ಮಾ, ನೀ ಒಂದಿನ ನಡಗಿದರ ಏನಾತು?” ನಾನು ಚೀಲ ಹೊದ್ದು ಮಲಗಿದೆ. ಜೋಳದ ಚೀಲ.

ಪಕ್ಕದ ಮನೆಯ ಹುಂಜದ ಕಥೆ ಇನ್ನೂ ಚೆಂದ. ಅದು ಹಾಡಿನ ನಟ್ಟನಡುವೆ ಕೂಗುತ್ತಿತ್ತು. ಭಾವ ಆ ಮನೆಯವರ ಮೋಟಾರನ್ನು ಪುಕ್ಕಟೆ ಸುತ್ತಿಕೊಟ್ಟು, ಬದಲಿಗೆ ಹುಂಜವನ್ನು ತೆಗೆದುಕೊಂಡು ಬಂಕಾಪುರದ ಗಿರಾಕಿಯೊಬ್ಬರಿಗೆ ಒಯ್ದುಕೊಟ್ಟರು. ಓಣಿ ಶಾಂತವಾಯಿತು ಎಂದುಕೊಂಡಿರಾ? ಮರುವಾರ ನೋಡಿದರೆ ಓಣಿಯ ತುಂಬ ಎಂಟು ಹುಂಜ! ಯಾರ್ಯಾರ ಮೋಟಾರು ಸುಟ್ಟಿತ್ತೋ ಅವರೆಲ್ಲ ಒಂದೊಂದು ಹುಂಜ ತಂದು ಕಟ್ಟಿದ್ದರು.

ಈಗ ಪ್ಲಗಿನ್ ಎಂದರೇನು ಎಂದು ಹೇಳಬೇಕು. ಹಾಡು ಹಿಡಿಯುವ ತಂತ್ರಾಂಶಕ್ಕೆ ಹೊರಗಿನಿಂದ ಸೇರಿಸಿಕೊಳ್ಳುವ ಸಣ್ಣ ಸಣ್ಣ ಕೆಲಸಗಾರರು ಅವು. ಒಂದೊಂದೂ ದನಿಗೆ ಒಂದೊಂದು ಉಪಚಾರ ಮಾಡುತ್ತದೆ. ಅವುಗಳ ಇಂಗ್ಲಿಷ್ ಹೆಸರು ಭಾವನಿಗೆ ಬಾಯಿಗೆ ಬರುತ್ತಿರಲಿಲ್ಲ. ಅದಕ್ಕೇ ತಮ್ಮದೇ ಹೆಸರಿಟ್ಟಿದ್ದರು. ದಾರಿ ತಪ್ಪಿದ ಸ್ವರದ ಕಿವಿ ಹಿಂಡಿ ಸಾಲಿಗೆ ತರುವುದು ‘ಮಾಸ್ತರ’. ಕಸಕಡ್ಡಿ ಸದ್ದನ್ನೆಲ್ಲ ಗುಡಿಸಿಹಾಕುವುದು ‘ಮನಿಯಾಕಿ’, ಅಂದರೆ ನನ್ನ ಅಕ್ಕ. ಮಾಸೂರಿಗೆ ಮೋಟಾರು ಕೂಡಿಸಲು ಹೋದಾಗ ಕೆರೆಯ ಏರಿಯ ಮೇಲೆ ನಿಂತು ಕೂಗಿದ್ದರಂತೆ, ಕೂಗು ತಿರುಗಿ ಬಂದಿತ್ತಂತೆ. ಹಾಗಾಗಿ ದನಿಗೆ ಗುಂಗು ಕೊಡುವ ಪ್ಲಗಿನ್ನು ‘ಮಾಸೂರು’. “ಆಯೀ, ನಿಮ್ಮ ಪದಕ್ಕ ಒಂದೀಟು ಮಾಸೂರು ಹಾಕ್ತೇನಿ” ಎಂದು ಹಾಡುವ ಮುದುಕಿಯರಿಗೆ ಹೇಳುತ್ತಿದ್ದರು, ಒಗ್ಗರಣೆಗೆ ಇಂಗು ಹಾಕಿದಂತೆ. ಇನ್ನು, ದನಿ ಏರಿಸಿದವರನ್ನು ಅದುಮಿ, ಬಾಯಿ ಬಿಡದವರನ್ನು ತಿವಿದು ಎಬ್ಬಿಸುವುದು ‘ಅತ್ತಿ’. ನೀವು ನಗಬಹುದು. ಭಾವನ ಅತ್ತೆ ಎಂದರೆ ನನ್ನ ಹಡೆದವ್ವ!

ಭಾವನಿಗೆ ಒಂದು ಹಟವಿತ್ತು. ಈ ಮಂದಿಯ ಕೈಯಿಂದ ದಾಟಿ ಬರದ ಹಾಡನ್ನು ಯಾರಿಗೂ ಕೇಳಿಸುತ್ತಿರಲಿಲ್ಲ, ಹಾಡಿದವರಿಗೂ ಕೂಡ. “ಹಸೀ ಅಡಿಗಿ ಎಲಿಗೆ ಬಡಸ್ತಾರೇನು?” ಎಂದು ಗದರುತ್ತಿದ್ದರು.

ಹತ್ತಿಮತ್ತೂರಿನ ಒಬ್ಬ ಆಯಿ ಅವರ ಬಲೆಗೆ ಬಿದ್ದದ್ದು ಅಂಗಡಿಯಲ್ಲೇ. ಮಗನ ಮೋಟಾರು ತಯಾರಾಗುವುದನ್ನು ಕಾಯುತ್ತ ಕುಳಿತ ಮುದುಕಿ, ಮೋಟಾರು ತಿರುಗಿದ್ದೇ ಅದರ ದನಿಯನ್ನೇ ಹಿಡಿದು ತನ್ನಷ್ಟಕ್ಕೆ ಗುನುಗಿದಳು. ಭಾವ ತಂತಿ ಹಿಡಿದಿದ್ದ ಪಕ್ಕಡ ಕೆಳಗಿಟ್ಟರು. ಅಂದಿನಿಂದ ಅವಳು ಬಂದು ಬಂದು ಹದಿನೇಳು ಪದ ಹಾಡಿದಳು. ಆಮೇಲೆ ಅವಳ ಗಂಟಲಲ್ಲಿ ಗಡ್ಡೆ ಕಂಡಿತು. ಹುಬ್ಬಳ್ಳಿಯ ಡಾಕ್ಟರು ಕೊಯ್ದು ತೆಗೆಯಬೇಕು, ದನಿ ಹೀಗೇ ಉಳಿಯುತ್ತದೆಂದು ಹೇಳಲಾಗದು ಎಂದರು. ಶುಕ್ರವಾರ ಹೋಗುವುದೆಂದು ನಿಕ್ಕಿಯಾಯಿತು. ಅವಳು ಭಾವನನ್ನು ಕೇಳಿದ್ದು ಒಂದೇ.

“ಯಪ್ಪಾ, ನನ್ನ ದನಿ ಊರ ಮಂದೆಲ್ಲಾ ಕೇಳ್ಯಾರ. ನಾ ಕೇಳಿಲ್ಲ. ಒಂದ ಪದಾ ಕೇಳಿ ಹೋಗ್ತೇನಿ.”

“ಶುಕ್ರವಾರ ಮುಂಜಾನಿ ತಂದು ಕೇಳಸ್ತೇನಿ ಆಯೀ, ಪೂರಾ ತಯಾರ ಮಾಡಿ” ಎಂದು ಭಾವ ಮಾತು ಕೊಟ್ಟರು.

ಆ ವಾರವೇ ನಾನು ಹಾನಗಲ್ಲಿನಿಂದ ರಜೆ ಹಾಕಿ ಸವಣೂರಿಗೆ ಹೋದೆ. ಕಚೇರಿಯಲ್ಲಿ ನಾನು ಕಂಪ್ಯೂಟರಿನ ಮುಂದೆ ಕೂರುತ್ತೇನೆ ಎಂಬ ಒಂದೇ ಕಾರಣಕ್ಕೆ ಬೀಗರ ಬಳಗದಲ್ಲಿ ನಾನು ಕಂಪ್ಯೂಟರ್ ತಜ್ಞ. ವಾಸ್ತವದಲ್ಲಿ ನಾನು ಕಂಪ್ಯೂಟರಿಗೆ ಹೆದರುವವರಲ್ಲಿ ತಜ್ಞ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ತಿರುಗಿ ಮನೆಗೆ ಹೋಗುವ ಜಾತಿ ನನ್ನದು. ಭಾವನ ಯಂತ್ರ ವರ್ಷಗಟ್ಟಲೆ ಅಪ್‌ಡೇಟ್ ಕಂಡಿರಲಿಲ್ಲ. ಹಳೆಯ ಯಂತ್ರಗಳಿಗೆ ಕಳ್ಳರು ನುಗ್ಗುತ್ತಾರೆಂದು ಯಾರೋ ಕಳಿಸಿದ ಸಂದೇಶ ನನ್ನ ಫೋನಿನಲ್ಲಿ ಕುಳಿತು ಕುಟುಕುತ್ತಿತ್ತು. ಆಯಿಯ ಹಾಡನ್ನೇ ಕದ್ದೊಯ್ದರೆ? ಸೋಮವಾರ ಭಾವ ಅಂಗಡಿಗೆ ಹೋದದ್ದೇ ತಡ, ಒಳಗೆ ಹೋಗಿ ಒತ್ತಿದೆ.

ಮುಗಿಯಿತು. ಏನೂ ಸುಡಲಿಲ್ಲ. ‘ಜಾಗ ಕಡಿಮೆಯಿದೆ, ಹಳೆಯ ವ್ಯವಸ್ಥೆಯ ಕಡತಗಳನ್ನು ಅಳಿಸಲೇ?’ ಎಂದು ಕೆಂಪು ಪಟ್ಟಿ ಕೇಳಿತು. ಕೆಂಪು ಕಂಡರೆ ನನಗೆ ಬೆವರು. ಅಳಿಸು ಎಂದೆ. ಹೀಗೆ ತಿರುಗಿ ಬರುವ ದಾರಿಯನ್ನೂ ಅಗೆದು ಹಾಕಿದ ಮೇಲೆ ಸಮಾಧಾನದಿಂದ ಚಹಾ ಕುಡಿದೆ.

ಸಂಜೆ ಕೋಣೆಯಿಂದ ಭಾವನ ಕೂಗು ಬಂತು. “ಮಂದಿ ಎಲ್ಲೆ ಹೋದ್ರು?”

“ಯಾವ ಮಂದಿರೀ?” ಎಂದಳು ಅಕ್ಕ ಒಲೆಯ ಮುಂದಿನಿಂದ.

“ಮಾಸ್ತರ ಇಲ್ಲ, ಅತ್ತಿ ಇಲ್ಲ, ಮಾಸೂರು ಇಲ್ಲ, ನೀನೂ ಇಲ್ಲ!”

“ನಾ ಇಲ್ಲೇ ಅದೇನಲ್ರೀ, ರೊಟ್ಟಿ ಬಡಿಯಾಕತ್ತೇನಿ!”

“ನೀ ಅಲ್ಲ, ಒಳಗಿನಾಕಿ!”

ಅಕ್ಕ ಹಿಟ್ಟಿನ ಕೈಯಲ್ಲೇ ಬಂದಳು. ಒಳಗಿನಾಕಿ ಯಾರೆಂದು ಅವಳಿಗೂ ತಿಳಿಯಬೇಕಿತ್ತಲ್ಲ! ಪರದೆಯ ಮೇಲೆ ಹೆಸರುಗಳಿರಬೇಕಾದ ಕಡೆಯಲ್ಲೆಲ್ಲ ಬೂದು ಬಣ್ಣದ ಖಾಲಿ ಚೌಕ. ಹಾಡು ಅಲ್ಲೇ ಇತ್ತು, ಆಯಿ ಅಲ್ಲೇ ಇದ್ದಳು. ಅವಳಿಗೆ ಉಪಚಾರ ಮಾಡುವವರು ಒಬ್ಬರೂ ಇರಲಿಲ್ಲ.

“ನಾನ ಒತ್ತೀನಿ ಭಾವಾ” ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಕುರ್ಚಿಯ ಮೇಲೆ ಕುಳಿತು, “ಸೋಮವಾರ, ಮಂಗಳವಾರ...” ಎಂದು ಬೆರಳು ಮಡಚಿದರು. ಶುಕ್ರವಾರಕ್ಕೆ ಬಂದು ಬೆರಳು ನಿಂತಿತು.

“ಹಂಗ ಕೇಳಿಸಿಬಿಡ್ರಿ, ಹಾಡಿದ್ದನ್ನ ಹಾಡಿದಂಗ” ಎಂದೆ.

“ಜೀವಮಾನಕ್ಕ ಒಮ್ಮೆ ಕೇಳಾಕಿ ಅಕಿ. ಹಸೀದು ಕೊಡ್ಲೇನು?”

ಶಿಗ್ಗಾಂವಿಯಲ್ಲಿ ಮದುವೆಯ ವೀಡಿಯೊ ಮಾಡುವವರೊಬ್ಬರು ಫೋನಿನಲ್ಲಿ ಬಿಡಿಸಿ ಹೇಳಿದರು: ಪ್ಲಗಿನ್ನುಗಳು ಎಲ್ಲಿಗೂ ಹೋಗಿಲ್ಲ, ಇದ್ದಲ್ಲೇ ಇವೆ. ಹೊಸ ವ್ಯವಸ್ಥೆಗೆ ಅವುಗಳ ಗುರುತು ಹತ್ತುತ್ತಿಲ್ಲ. ಒಂದೊಂದರದೂ ಹೊಸ ರೂಪ ಹುಡುಕಿ ತಂದು ಕೂಡಿಸಬೇಕು. ಭಾವ ಅಂಗಡಿಯ ಬಾಗಿಲು ಹಾಕಿದರು. ನನ್ನ ಫೋನಿನ ಇಂಟರ್ನೆಟ್ಟು ತೆವಳುತ್ತಿತ್ತು. ಸಿಗ್ನಲ್ ಸಿಗಲೆಂದು ನಾನು ಮಾಳಿಗೆಯ ಮೇಲೆ ಫೋನು ಎತ್ತಿ ಹಿಡಿದು ನಿಲ್ಲುತ್ತಿದ್ದೆ. ಎಂಟೂ ಹುಂಜಗಳು ನನ್ನನ್ನೇ ನೋಡುತ್ತಿದ್ದವು. ಮಂಗಳವಾರ ಮಾಸ್ತರ ಬಂದ. ಬುಧವಾರ ಅತ್ತಿ ಬಂದಳು, ನನ್ನ ಅವ್ವನ ಹಾಗೆಯೇ ತಡವಾಗಿ, ಗದ್ದಲ ಮಾಡುತ್ತ. ಗುರುವಾರ ಮಾಸೂರು ಬಂತು, ಅಕ್ಕನೂ ಬಂದಳು. ನಾನು ಮಾಳಿಗೆಯಿಂದ ಇಳಿದು ಬಂದೆ.

“ಎಲ್ಲಾರೂ ಬಂದ್ರಲ್ರೀ ಭಾವಾ!”

“ಒಬ್ಬಾಂವ ಬಂದಿಲ್ಲ” ಎಂದರು ಭಾವ. “ಅವನ್ನ ಮಾಡಾವ್ರು ಮಾಡೂದ ಬಿಟ್ಟಾರಂತ.”

“ಯಾಂವ?”

“ನೀನ.”

ನನ್ನ ಹೆಸರಿನದೂ ಒಂದಿದೆ ಎಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಎಲ್ಲರಿಗಿಂತ ಕೊನೆಗೆ, ಹಾಡು ಹೊರಗೆ ಹೋಗುವ ಬಾಗಿಲಲ್ಲಿ ಕೂರುತ್ತದಂತೆ ಅದು. ದನಿಯನ್ನು ತಿದ್ದುವುದಿಲ್ಲ, ಗುಡಿಸುವುದಿಲ್ಲ, ಸುಮ್ಮನೆ ಹೆದರಿಕೊಂಡು ಕಾಯುತ್ತದೆ. ಎಲ್ಲಾದರೂ ದನಿ ಮಿತಿ ಮೀರಿ ಒಡೆಯುವಂತಾದರೆ ಅಷ್ಟನ್ನು ಹಿಡಿದುಕೊಳ್ಳುತ್ತದೆ.

“ಬ್ಯಾರೆ ಯಾವುದರ ಹಾಕ್ರಿ” ಎಂದೆ. ನನ್ನ ಬದಲಿಗೆ ಬೇರೆಯವರನ್ನು ಇಡಿ ಎಂದು ಶಿಫಾರಸು ಮಾಡಿದ್ದು ಅದೇ ಮೊದಲು.

“ಹಾಕಿ ನೋಡಿದ್ನಿ. ಅದು ಅಂಜಿ ಎಲ್ಲಾ ಪದಾನೂ ತುಳೀತೈತಿ. ನೀನೂ ಅಂಜತಿ, ಖರೆ. ಆದರ ತುಳಿಯಾಂವಲ್ಲ.” ಇದು ಹೊಗಳಿಕೆಯೋ ಏನೋ ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ. “ಇರ್ಲಿ, ನಾನ ಕಣ್ಣಿಟ್ಟು ನೋಡ್ತೇನಿ.”

ಆಯಿಗೆ ಕಿವಿ ತುಸು ಮಂದ, ದನಿ ತಗ್ಗಿಸುವಂತಿರಲಿಲ್ಲ. ಭಾವ ಒಂದೊಂದು ಸಾಲನ್ನೂ ಕೈಯಿಂದಲೇ ಏರಿಸಿ, ಇಳಿಸಿ, ಬೀಸುಕಲ್ಲಿನ ಒಂದು ಪದವನ್ನು ಸಿದ್ಧ ಮಾಡಿದರು.

ಶುಕ್ರವಾರ ಮುಂಜಾನೆ ಬೈಕಿನಲ್ಲಿ ಹತ್ತಿಮತ್ತೂರಿಗೆ ಹೋದೆವು. ಆಯಿ ಆಗಲೇ ಮಗನ ಜೊತೆ ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕುಳಿತಿದ್ದಳು, ತೊಡೆಯ ಮೇಲೆ ಬಟ್ಟೆಯ ಗಂಟು. ಭಾವ ಸೆರಗಿನ ಮೇಲೆಯೇ ಹೆಡ್‌ಫೋನು ಏರಿಸಿದರು. ಮೊದಲ ನುಡಿಗೆ ಅವಳ ಹುಬ್ಬು ಮೇಲೆ ಹೋಯಿತು. ಎರಡನೆಯದಕ್ಕೆ ಕಣ್ಣು ಮುಚ್ಚಿದಳು. ಅವಳ ಬಲಗೈ ತನಗೆ ತಾನೇ ಬೀಸುಕಲ್ಲಿನ ಗೂಟ ಹಿಡಿದಂತೆ ಗಾಳಿಯಲ್ಲಿ ತಿರುಗತೊಡಗಿತು. ಭಾವ ನನ್ನ ಕಡೆ ನೋಡಿದರು. ಆ ಮುಖವನ್ನು ನಾನು ಯಾವ ಮೋಟಾರಿನ ಮುಂದೆಯೂ ಕಂಡಿರಲಿಲ್ಲ.

ಮೂರನೆಯ ನುಡಿಯಲ್ಲಿ ದನಿ ಎಲ್ಲಕ್ಕಿಂತ ಮೇಲೆ ಹೋಗುವ ಒಂದು ಸಾಲಿದೆ. ಅಲ್ಲಿ ಹೆಡ್‌ಫೋನಿನೊಳಗೆ ‘ಪರ್ರ್’ ಎಂದದ್ದು ಹೊರಗೆ ನಿಂತ ನಮಗೂ ಕೇಳಿಸಿತು. ಕೈಯಿಂದ ದನಿ ಇಳಿಸುವಾಗ ಭಾವನಿಗೆ ಆ ಒಂದು ಸಾಲು ಕಣ್ತಪ್ಪಿತ್ತು. ಆಯಿಯ ಕೈ ನಿಂತಿತು. ಹೆಡ್‌ಫೋನು ತೆಗೆದಳು.

“ಇಲ್ಲೆ ನನ್ನ ದನಿ ಒಡದೈತಿ ನೋಡ್ರಿ. ಗಡ್ಡಿ ಆವಾಗ ಇತ್ತು ಕಾಣತೈತಿ. ಇಷ್ಟ ಕಷ್ಟಪಟ್ಟೀರಿ, ನಿಮ್ಮ ಪದಾ ನಾ ಕೆಡಿಸಿದ್ನಿ. ತಪ್ಪು ತಿಳ್ಕೋಬ್ಯಾಡ್ರಿ ಯಪ್ಪಾ.”

“ಇಲ್ಲ ಆಯೀ, ಅದು ಮಷಿನ್ನಿಂದು...” ಎಂದರು ಭಾವ. ಅವಳು ಅವರ ಗಲ್ಲ ಸವರಿದಳು, ಸಮಾಧಾನದ ಮಾತು ಹೇಳುವ ಮಗುವಿನ ಗಲ್ಲ ಸವರುವಂತೆ. ಬಸ್ಸು ಬಂತು. ನಾನು ಒತ್ತಿದೆ ಎಂದು ಹೇಳಲು ಬಾಯಿ ತೆರೆದೆ. ಬಸ್ಸು ತಪ್ಪಿದರೆ, ಆಸ್ಪತ್ರೆಗೆ ತಡವಾದರೆ, ಡಾಕ್ಟರು ಎದ್ದು ಹೋದರೆ ಎಂದು ಯೋಚಿಸಿ ಮುಚ್ಚಿದೆ.

ಗಡ್ಡೆ ತೆಗೆದರು. ಕೆಟ್ಟದ್ದೇನೂ ಇರಲಿಲ್ಲ. ಆಯಿ ಈಗ ಗಟ್ಟಿಯಾಗಿದ್ದಾಳೆ, ಮಾತು ಮಾತ್ರ ಒಣ ಎಲೆ ತುಳಿದಂತೆ. ಹಾಡುವುದಿಲ್ಲ.

ಮಳೆಗಾಲ ಮುಗಿದ ಮೇಲೆ ಭಾವ ಆ ಸಾಲನ್ನು ಸರಿಪಡಿಸಿದರು. ಇಬ್ಬರೂ ಮತ್ತೆ ಹೋದೆವು. ಈ ಸಲ ನಾನು ಎಲ್ಲವನ್ನೂ ಒಪ್ಪಿಕೊಂಡೆ, ಗುಂಡಿ, ಕೆಂಪು ಪಟ್ಟಿ, ಚಹಾ ಸಮೇತ. ನಿಮ್ಮ ದನಿ ಎಲ್ಲಿಯೂ ಒಡೆದಿಲ್ಲ, ತಪ್ಪು ನನ್ನದು ಎಂದೆ. ಆಯಿ ತಲೆಯಾಡಿಸುತ್ತ ಕೇಳಿದಳು. ಆಮೇಲೆ ಹೆಡ್‌ಫೋನು ಹಾಕಿಸಿಕೊಂಡು ಪದವನ್ನು ಕೊನೆಯವರೆಗೆ ಕೇಳಿದಳು. ಮೂರನೆಯ ನುಡಿ ಸರಾಗವಾಗಿ ಮೇಲೇರಿ ಇಳಿಯಿತು. ಅವಳು ಭಾವನ ಕೈ ಹಿಡಿದುಕೊಂಡು, ಆ ಎಲೆ ತುಳಿಯುವ ದನಿಯಲ್ಲಿ ಹೇಳಿದಳು:

“ಒಡದ ದನಿಗೆ ಎಷ್ಟ ಚಂದ ಹೊಲಿಗಿ ಹಾಕೀಯೋ ಯಪ್ಪಾ! ಎಲ್ಲೆ ಹರದಿತ್ತು ಅಂತ ನನಗ ಗೊತ್ತಾಗವಲ್ತು.”